ಭಂಡಾರ ಬಳಿದ ದೇವದಾರು

ಮಾಗಳದ ಓಬಳೇಶ ಉತ್ತರದ ಯಾತ್ರೆ ಮುಗಿಸಿ ಬಂದಮೇಲೆ ದೇವರ ಸುದ್ದಿ ಹೇಳಿದ್ದು ಒಂದು ಗಳಿಗೆ, ಕಟ್ಟಿಗೆಯ ಸುದ್ದಿ ಹೇಳಿದ್ದು ಇಡೀ ಒಂದು ವರ್ಷ. ಹಿಮದ ಸೀಮೆಯಲ್ಲಿ ಗುಡಿಗಳನ್ನೆಲ್ಲ ದೇವದಾರು ಮರದಲ್ಲಿ ಕಟ್ಟಿದ್ದಾರಂತೆ. ಒಂದು ವರಸೆ ಕಲ್ಲು, ಒಂದು ವರಸೆ ತೊಲೆ, ನಡುವೆ ಗಾರೆಯೇ ಇಲ್ಲವಂತೆ. ಭೂಮಿ ನಡುಗಿದರೆ ಗೋಡೆ ಮೈ ಕೊಡವಿಕೊಂಡು ಮತ್ತೆ ನೆಟ್ಟಗೆ ನಿಲ್ಲುತ್ತದಂತೆ. ಆ ಮರದಲ್ಲಿ ಎಣ್ಣೆ ಇರುತ್ತದಂತೆ, ಅದರ ವಾಸನೆಗೆ ಗೆದ್ದಲು ಹತ್ತಿರ ಸುಳಿಯುವುದಿಲ್ಲವಂತೆ, ಉಣ್ಣೆಗೆ ನುಸಿ ಬೀಳುವುದಿಲ್ಲವಂತೆ.

ಅವನ ಅತ್ತಿಗೆ ತಿಪ್ಪೇರುದ್ರಮ್ಮ ರೊಟ್ಟಿ ಬಡಿಯುತ್ತ ಇದನ್ನೆಲ್ಲ ಕೇಳಿದಳು. ನೋಡಿದ್ದು ಬಸ್ಸಿನ ಕಿಟಕಿಯಿಂದ, ಮಾತು ಮಾತ್ರ ತಾನೇ ತೊಲೆ ಹೊತ್ತು ಬಂದವನಂತೆ.

"ದೇವರ ದರ್ಶನ ಆತೋ ಇಲ್ಲೋ ಓಬಳೇಶ?"

"ಆತು ಅತ್ತಿಗಿ, ಗದ್ದಲ ಭಾಳ ಇತ್ತು. ಆದ್ರ ಆ ಬಾಗಿಲ ಚೌಕಟ್ಟು ನೋಡಬೇಕಿತ್ತು ನೀನು!"

ಬರೀ ಮಾತಿಗೇ ನಿಂತಿದ್ದರೆ ಸಹಿಸಬಹುದಿತ್ತು. ಅವನು ದಾವಣಗೆರೆಯ ಕಡೆಯಿಂದ ನಿಜವಾದ ದೇವದಾರು ಹಲಗೆಗಳನ್ನೇ ತರಿಸಿ, ಕೊಟ್ಟೂರಿನಿಂದ ಬಡಗಿ ಮೌನೇಶನನ್ನು ಕರೆಸಿ, ಅಂಗಳದಲ್ಲಿ ಪೆಟ್ಟಿಗೆ ಮಾಡಿಸಲು ಕುಳಿತ. ಯಾತಕ್ಕೆಂದರೆ ಮನೆಯ ಗದ್ದುಗೆ ಕಂಬಳಿಗೆ.

ಕುರಿ ಸಾಕುವ ಆ ಮನೆತನದಲ್ಲಿ ಮದುವೆ ಎಂದರೆ ಕೈಯಲ್ಲಿ ನೂತು ನೇಯ್ದ ಕರಿಕಂಬಳಿಯನ್ನು ಮಡಿಚಿ ಹಾಸಬೇಕು, ಅಕ್ಕಿಯ ಗೆರೆ ಎಳೆದು ಪಟ್ಟು ಬರೆಯಬೇಕು, ಅದರ ಮೇಲೇ ಗಂಡು ಹೆಣ್ಣು ಕೂರಬೇಕು. ತೂತು ಬಿದ್ದದ್ದು ನಡೆಯದು. ಹರಪನಹಳ್ಳಿ ಸಂತೆಯ ಮಿಷನ್ ಕಂಬಳಿಯಂತೂ ನಡೆಯಲೇ ನಡೆಯದು. ಊರಿನಲ್ಲಿ ಅಂಥ ಕಂಬಳಿ ಇದ್ದದ್ದು ಎರಡೇ ಮನೆಗಳಲ್ಲಿ: ಇವರಲ್ಲಿ ಮತ್ತು ಆಚೆ ಓಣಿಯ ಪಾಲಾಕ್ಷಪ್ಪನಲ್ಲಿ. ಪ್ರತಿ ಬೇಸಿಗೆಗೆ ತಿಪ್ಪೇರುದ್ರಮ್ಮ ತನ್ನ ಕಂಬಳಿಯನ್ನು ಬಿಸಿಲಿಗೆ ಹರವಿ, ಕೋಲಿನಿಂದ ಬಡಿದು, ಒಣಗಿದ ಬೇವಿನ ಸೊಪ್ಪು ಇಟ್ಟು ಮಡಿಚುತ್ತಿದ್ದಳು. ಗಂಡ ಯರ್ರಿಸ್ವಾಮಿ ವರ್ಷದ ಬಹುಪಾಲು ಕುರಿ ಹಿಂದೆ ಇರುತ್ತಿದ್ದುದರಿಂದ ಆ ಕೆಲಸಕ್ಕೆ ಇನ್ನೊಂದು ಕೈ ಇರಲಿಲ್ಲ.

ಮೌನೇಶ ಹತ್ತರಿ ಹೊಡೆದಷ್ಟು ಹೊತ್ತೂ ಅಂಗಳವೆಲ್ಲ ಘಮ ಎನ್ನುತ್ತಿತ್ತು. ಮುಚ್ಚಳ ಕೂಡಿಸಿ ಅವನು ಹೇಳಿದ: "ಅಣ್ಣ, ಹೊರಗ ಏನರ ಬಳಕೋ. ಒಳಗ ಏನೂ ಹಚ್ಚಬ್ಯಾಡ. ವಾಸನಿ ಕಮ್ಮಿ ಆದ್ರ ಉಪ್ಪಿನ ಕಾಗದ ತಗಂಡು ಒಂದೀಟು ತಿಕ್ಕು, ಮತ್ತ ಬರ್ತೈತಿ."

"ಲೇ ಮೌನೇಶ, ಹೆಸರಾಗ ದೇವ ಅಂತ ಐತಿ. ದೇವರನ್ನ ಬರಿಮೈಲೆ ಕುಂದರಸ್ತಾರೇನಲೇ?"

ಮೈಲಾರದಿಂದ ಪ್ರಸಾದವೆಂದು ತಂದಿಟ್ಟಿದ್ದ ಭಂಡಾರದ ಅರಿಶಿನವನ್ನು ಓಬಳೇಶ ವಾರ್ನಿಷ್ ಡಬ್ಬಿಗೆ ಸುರಿದು ಕಲಸಿ, ಪೆಟ್ಟಿಗೆಯ ಒಳಗೆ, ಹೊರಗೆ, ತಳಕ್ಕೆ, ಮುಚ್ಚಳಕ್ಕೆ, ಒಂದು ಮೂಲೆ ಬಿಡದೆ ಬಳಿದ. ಮೌನೇಶ ಅದನ್ನು ನೋಡಿದ, ತನ್ನ ಸಾಮಾನು ಚೀಲಕ್ಕೆ ತುಂಬಿಕೊಂಡ, ಹೋದ. ಒಂದು ಮಾತು ಆಡಿ ಕೈ ತೊಳೆದುಕೊಳ್ಳುವ ಗಂಡಸರನ್ನೂ ತಿಪ್ಪೇರುದ್ರಮ್ಮ ಸಾಕಷ್ಟು ಕಂಡಿದ್ದಳು.

ಪೆಟ್ಟಿಗೆ ಅರಿಶಿನ ಹಚ್ಚಿದ ಮದುಮಗಳಂತೆ ಮಿಂಚಿತು. ಅವಳು ಬಗ್ಗಿ ಮೂಸಿದಳು. ವಾರ್ನಿಷ್ ಬಿಟ್ಟು ಬೇರೆ ಏನೂ ಇಲ್ಲ.

"ವಾಸನಿ ಎಲ್ಲಿಗೆ ಹೋತು?"

"ಒಳಗ ಇಳದೈತಿ ಅತ್ತಿಗಿ. ಹೊರಗ ಬಂದ್ರ ಖರ್ಚಾಗಿ ಹೋಗತೈತಿ."

ಪೆಟ್ಟಿಗೆ ಸೇರಿದ ಕಂಬಳಿ ಆ ಬೇಸಿಗೆ ಬಿಸಿಲನ್ನೂ ಬೇವನ್ನೂ ಕಾಣಲಿಲ್ಲ. ದೇವದಾರು ಇರುವಾಗ ಬಿಸಿಲಿಗೆ ಹಾಕಿದರೆ ಅದಕ್ಕೆ ಅವಮಾನ ಎಂದು ಓಬಳೇಶ ಹಟ ಹಿಡಿದ. ನಡು ಬೀಳುವ ಒಂದು ಕೆಲಸ ತಪ್ಪಿತಲ್ಲ ಎಂದು ಅವಳೂ ಸುಮ್ಮನಾದಳು. ಅವನು ಅಷ್ಟಕ್ಕೆ ಬಿಟ್ಟನೇ? ಪಾಲಾಕ್ಷಪ್ಪನ ಅಂಗಳಕ್ಕೆ ಹೋಗಿ, ಬೇವಿನ ಸೊಪ್ಪು ಇಟ್ಟು ಕಂಬಳಿ ಮಡಿಚುತ್ತಿದ್ದ ಅವನ ಹೆಂಡತಿ ಅಂಜಿನಕ್ಕನಿಗೆ, "ಇನ್ನೂ ಸೊಪ್ಪು ಹಾಕ್ತೀಯೇನು? ಆಡಿಗೆ ಹಾಕು, ಹಾಲರ ಕೊಡ್ತೈತಿ" ಅಂದು ನಕ್ಕು ಬಂದ. ಅವತ್ತಿನಿಂದ ಅಂಜಿನಕ್ಕ ಈ ಮನೆಯ ಮುಂದೆ ಹಾಯುವಾಗ ಮುಖ ತಿರುವುತ್ತಿದ್ದಳು.

ಮರುವರ್ಷ ತಿಪ್ಪೇರುದ್ರಮ್ಮನ ಮಗಳು ಪುಷ್ಪಲತಾಳ ಮದುವೆ ಹಲವಾಗಲಿನ ಹುಡುಗನ ಜೊತೆ ಗೊತ್ತಾಯಿತು. ಹಂದರ ಹಾಕಿದ ದಿನ ತಿಪ್ಪೇರುದ್ರಮ್ಮ ಪೆಟ್ಟಿಗೆ ತೆಗೆಯಲು ಹೋದರೆ ಮುಚ್ಚಳ ವಾರ್ನಿಷ್‌ಗೆ ಅಂಟಿಕೊಂಡಿತ್ತು. ಕುಡುಗೋಲು ತೂರಿಸಿ ಎಬ್ಬಿಸಬೇಕಾಯಿತು. ಕಂಬಳಿ ಎತ್ತಿದಳು. ರಾಗಿ ಹೊಟ್ಟಿನಂಥದ್ದು ಸುರಿಯಿತು. ಪುಷ್ಪಲತಾ ಎರಡು ಚುಂಗು ಹಿಡಿದು ಬಾಗಿಲ ಬೆಳಕಿಗೆ ಹಿಡಿದಳು.

"ಅವ್ವಾ, ಇದರಾಗಿಂದ ಕಾಕ ಕಾಣ್ತಾನ!"

ಕಾಕ ಓಬಳೇಶ ಆ ಕಡೆ ನಿಂತಿದ್ದ. ಅವನ ಮೀಸೆಗೊಂದು ತೂತು, ಮೂಗಿಗೊಂದು ತೂತು.

"ಇದು ಕಂಬಳಿ ತಪ್ಪು" ಅಂದ ಅವನು. "ನೇಯ್ದಾಗ ಹುಣಸಿಬೀಜದ ಗಂಜಿ ಜಾಸ್ತಿ ಕುಡಿಸ್ಯಾರ. ನುಸಿ ಮೊದಲಾ ಒಳಗಿತ್ತು. ಪೆಟ್ಟಿಗಿ ನೋಡ್ರಿ, ಒಂದು ಹುಳ ಮುಟ್ಟಿದ್ರ ಕೇಳ್ರಿ!"

"ಹೌದಪ್ಪ, ಪೆಟ್ಟಿಗಿಗೆ ಏನೂ ಆಗಿಲ್ಲ" ಎಂದಳು ತಿಪ್ಪೇರುದ್ರಮ್ಮ. "ನಾಡಿದ್ದು ಗಂಡು ಹೆಣ್ಣನ್ನ ಅದರ ಮ್ಯಾಲ ಕುಂದರಸು. ಬೀಗರು ಕೇಳಿದ್ರ ಹಿಮದ ಸೀಮಿ ಗದ್ದುಗಿ ಅನ್ನು."

ಓಬಳೇಶ ಒಂದು ಗಳಿಗೆ ಅದನ್ನೂ ಯೋಚಿಸಿದ. ಅದು ಅವನ ಮುಖದಲ್ಲಿ ಕಂಡಿತು. ತಿಪ್ಪೇರುದ್ರಮ್ಮನಿಗೆ ಅಳು ಬರಬೇಕಿತ್ತು, ಹೇಸಿಕೆ ಬಂತು.

ಇನ್ನು ಉಳಿದದ್ದು ಪಾಲಾಕ್ಷಪ್ಪನ ಮನೆಯ ಕಂಬಳಿ. ತಾನು ಹೋಗಿ ಸೆರಗೊಡ್ಡಿದರೆ ಅಂಜಿನಕ್ಕ ಕೊಟ್ಟಾಳು ಎಂದು ಅವಳಿಗೆ ಗೊತ್ತಿತ್ತು. ಆದರೆ ನಾಲಿಗೆ ಹರಿಬಿಟ್ಟವನು ಇವನು, ಸೆರಗೊಡ್ಡುವವಳು ತಾನೇಕೆ ಆಗಬೇಕು?

"ನೀನಾ ಹೋಗು. ಚಪ್ಪಲಿ ಬಿಟ್ಟು ಹೋಗು. ಈ ಜರಡಿ ಹೆಗಲ ಮ್ಯಾಲ ಹಾಕ್ಕೊಂಡು ಹೋಗು, ಓಣಿ ನೋಡ್ಲಿ. ಕಂಬಳಿ ಇಲ್ದ ಬಂದ್ರ ಈ ಹೊಸ್ತಿಲಾ ದಾಟಬ್ಯಾಡ."

ಅವನು ಹೋದ. ಹೊತ್ತು ಏರಿತು, ಬರಲಿಲ್ಲ. ಪುಷ್ಪಲತಾ ಕಟ್ಟೆಗೂ ಒಳಕ್ಕೂ ಓಡಾಡಿದಳು.

"ಕೊಡದಿದ್ರ ಅವ್ವಾ?"

"ಕೊಡದಿದ್ರ ಹಲವಾಗಲಿಗೆ ಹೇಳಿ ಕಳಸಬೇಕು, ಮದುವಿ ಮುಂದಕ್ಕ ಹಾಕ್ರಿ ಅಂತ" ಎಂದಳು ತಾಯಿ. ಮುಂದಕ್ಕೆ ಹೋದ ಮದುವೆ ಎಲ್ಲಿಗೆ ಹೋಗಿ ನಿಲ್ಲುತ್ತದೋ ಯಾರಿಗೆ ಗೊತ್ತು. ಒಳಗೊಳಗೆ ಮಾತ್ರ, ಆಚೆ ಓಣಿಯಲ್ಲಿ ಅವನಿಗೆ ಆಗುತ್ತಿರುವ ಮಂಗಳಾರತಿಯನ್ನು ನೆನೆದು ಒಂದಿಷ್ಟು ತಂಪಾಗುತ್ತಿತ್ತು.

ಓಬಳೇಶ ಬಂದ. ಹೆಗಲ ಮೇಲೆ ಬೇರೆ ಕಂಬಳಿ, ಮುಖದ ತುಂಬ ನಗೆ.

"ಕೊಟ್ರು! ಪಾಲಾಕ್ಷಪ್ಪ ಮೊದಲು ಸಿಟ್ಟಿಲೆ ಇದ್ದ. ಕುಂದ್ರಿಸಿಕೊಂಡು ದೇವದಾರಿನ ಗುಣ ಎಲ್ಲಾ ಬಿಡಿಸಿ ಹೇಳಿದೆ. ಈಗ ತನಗೂ ಒಂದು ಪೆಟ್ಟಿಗಿ ಬೇಕಂತಾನ!"

"ಅಂಜಿನಕ್ಕ?"

"ಆಕಿ ಭಾಳ ಒಳ್ಳೇಕಿ ಅದಾಳ. ಪೆಟ್ಟಿಗಿ ಬರ್ಲಿ ಬಿಡು, ಕೋಳಿ ಕವುಚಾಕ ಆಗತೈತಿ ಅಂದ್ಲು. ಎಷ್ಟು ನಂಬಿಕಿ ನೋಡು! ಕಂಬಳಿ ಮಾತ್ರ ನಿಮ್ಮ ಅತ್ತಿಗಿ ಕೈಯಾಗ ಕೊಡು, ನೀನು ಎಲ್ಲೂ ಇಡಬ್ಯಾಡ ಅಂದ್ಲು. ಯಾಕೋ ಏನೋ."

ಹೇಳುತ್ತ ಚಪ್ಪಲಿ ಮೆಟ್ಟಿದ, ಕೊಟ್ಟೂರಿಗೆ ಹೋಗಿ ಮೌನೇಶನಿಗೆ ಹೇಳಿ ಬರುತ್ತೇನೆಂದು ಬಸ್ಸಿಗೆ ಓಡಿದ. ತಿಪ್ಪೇರುದ್ರಮ್ಮ ಕೂಡಿಟ್ಟುಕೊಂಡಿದ್ದ ಬೈಗುಳವೆಲ್ಲ ಬಾಯಲ್ಲೇ ಉಳಿಯಿತು. ನಾಚಿಕೆ ಎನ್ನುವುದು ಇಂಥವರ ಬಾಗಿಲಿಗೆ ಬಂದರೂ ಮನೆ ತಪ್ಪಿ ಬಂದೆ ಅಂದುಕೊಂಡು ತಿರುಗಿ ಹೋಗುತ್ತದೇನೋ.

ಅವಳು ಕಂಬಳಿಯನ್ನು ತೊಡೆಯ ಮೇಲೆ ಹರವಿ, ಚುಂಗಿನಿಂದ ಚುಂಗಿಗೆ ಬೆರಳಾಡಿಸಿ ನೋಡಿದಳು. ಒಂದು ಎಳೆಯೂ ಕಿತ್ತಿರಲಿಲ್ಲ. ನಾಲ್ಕು ಮಡಿಕೆ ಮಾಡಿ ನೆಲಕ್ಕೆ ಹಾಸಿದಳು.

"ಬಾರವ್ವ, ಒಂದೀಟು ಕುಂತು ನೋಡು" ಎಂದು ಮಗಳನ್ನು ಕರೆದಳು.