ಟವೆಲ್ಲಿನ ಕೆಳಗಿನ ಮಾತು

ಮೂವತ್ತೈದು ವರ್ಷ ಸಂಸಾರ ಮಾಡಿದ ಗಂಡ ನನ್ನ ಬೆನ್ನ ಹಿಂದೆ ದನದ ವ್ಯಾಪಾರಕ್ಕೆ ನಿಂತಿದ್ದಾನೆ ಎಂದು ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಆದರೆ ನಾನೇ ಕಣ್ಣಾರೆ ಕಂಡೆ.

ನಾನು ಶಿವಬಸವ್ವ, ದನದ ದಲ್ಲಾಳಿಯ ಮಗಳು. ಬೈಲಹೊಂಗಲದ ಕಡೆಯ ಸಂತೆಗಳಲ್ಲಿ ನಮ್ಮಪ್ಪ ಟವೆಲ್ಲಿನ ಕೆಳಗೆ ಕೈ ಹಾಕಿ, ಎದುರಿನವನ ಬೆರಳು ಒತ್ತಿ ದರ ಹೇಳುತ್ತಿದ್ದ. ಪಕ್ಕದಲ್ಲಿ ನಿಂತವನಿಗೂ ಗೊತ್ತಾಗಬಾರದು, ಅದಕ್ಕೇ ಟವೆಲ್ಲು. ಇದನ್ನು ನಮ್ಮ ಯಜಮಾನರಿಗೆ ನೂರು ಸಲ ಹೇಳಿದ್ದೇನೆ. ನಮ್ಮ ಯಜಮಾನರು ನೀಲಕಂಠಪ್ಪ ಹುಬ್ಬಳ್ಳಿಯ ಮಾಸ್ತರರ ಮಗ, ಈ ಪರದೇಶದ ತೈಲ ಕಂಪನಿಯೊಂದರಲ್ಲಿ ಎಂಜಿನಿಯರಾಗಿದ್ದು ರಿಟೈರ್ ಆದವರು. ದನದ ವಿಷಯದಲ್ಲಿ ಬಾಲ ಯಾವುದು, ಮೂತಿ ಯಾವುದು ಎಂಬಷ್ಟೇ ಅವರಿಗೆ ತಿಳಿದಿದೆ.

ಸೈಪ್ರೆಸ್ ಊರಿನ ನಮ್ಮ ಮನೆಯಿಂದ ಮುಕ್ಕಾಲು ಗಂಟೆ ಡ್ರೈವ್ ಮಾಡಿದರೆ ನಮ್ಮದೊಂದು ಹದಿನೆಂಟು ಎಕರೆ ಹುಲ್ಲುಗಾವಲಿದೆ. ಪಕ್ಕದ ಜಮೀನಿನ ವರ್ನನ್ ತನ್ನ ಮೂವತ್ತು ಹಸುಗಳನ್ನು ಅಲ್ಲಿಯೂ ಮೇಯಿಸುತ್ತಾನೆ. ದನ ಮೇಯ್ದರೆ ನಮಗೆ ಜಮೀನಿನ ಟ್ಯಾಕ್ಸ್ ಕಡಿಮೆ, ಅವನಿಗೆ ಹುಲ್ಲು ಪುಕ್ಕಟೆ. ತಾತನ ಕಾಲದಿಂದ ಬಂದ ಕಸುಬು ಅವನದು. ಹೆಂಡತಿ ತೀರಿಕೊಂಡಿದ್ದಾಳೆ, ಮಗ ಡಲ್ಲಾಸ್‌ನಲ್ಲಿದ್ದಾನೆ. ಆ ಹಸುಗಳಲ್ಲಿ ಒಂದು ಬೂದು ಬಣ್ಣದ್ದು, ನಮ್ಮ ಕಡೆಯ ಆಕಳಿನಂತೆ ಭುಜದ ಮೇಲೆ ಡುಬ್ಬ ಇರುವಂಥದ್ದು. ವರ್ನನ್‌ಗೆ ಅದು ನಲವತ್ತೊಂದನೇ ನಂಬರು. ನನಗೆ ಗೌರಿ. ಆರು ವರ್ಷದಿಂದ ಪ್ರತಿ ಭಾನುವಾರ ಬಾಳೆಹಣ್ಣು ತಿನ್ನಿಸುತ್ತಿದ್ದೆ. ನಮ್ಮ ಕಾರಿನ ಸದ್ದು ಕೇಳಿದರೆ ಸಾಕು, ಬೇಲಿಯ ಹತ್ತಿರ ಬಂದು ನಿಲ್ಲುತ್ತಿದ್ದಳು.

ಈ ವರ್ಷ ಬೀಫ್ ದರ ಏರಿತು. ಟಿವಿಯಲ್ಲಿ ಆಸ್ಟಿನ್‌ನ ಬಾರ್ಬೆಕ್ಯೂ ಹೋಟೆಲಿನವರು ಗೋಳಾಡುತ್ತಿದ್ದರು. ಕಾಳುಪಲ್ಯ ತಿನ್ನುವ ನಮಗೆ ಅದನ್ನು ಕಟ್ಟಿಕೊಂಡು ಏನಾಗಬೇಕು ಎಂದುಕೊಂಡೆ. ಆಮೇಲೆ ಒಂದು ಭಾನುವಾರ ದನ ಎಣಿಸಿದೆ. ಮೂವತ್ತು ಇದ್ದದ್ದು ಇಪ್ಪತ್ತೊಂದಾಗಿತ್ತು. ದರ ಏರಿದರೆ ನಿನಗೆ ಲಾಭವೇ ಅಲ್ಲವೇ ಎಂದು ವರ್ನನ್‌ನನ್ನು ಕೇಳಿದೆ. ಲಾಭವೆಲ್ಲ ದೊಡ್ಡವರಿಗೆ ಎಂದ. ಮೇವು, ಡೀಸೆಲ್, ಔಷಧ ಎಲ್ಲವೂ ಏರಿ ಸಾಕುವುದು ಕಷ್ಟವಾಗಿದೆ, ಮಾರಿಬಿಟ್ಟರೆ ಈ ದರಕ್ಕೆ ಮತ್ತೆ ಕೊಳ್ಳುವುದು ತನ್ನಂಥವನಿಂದ ಆಗದು, ಒಮ್ಮೆ ಮಾರಿದರೆ ಅಲ್ಲಿಗೆ ಕಸುಬು ಮುಗಿಯಿತು ಎಂದ. ಇಷ್ಟು ಹೇಳಿ ಗೌರಿಯ ಕಡೆ ನೋಡಿ ಟೋಪಿ ಸರಿಮಾಡಿಕೊಂಡ. ಆ ನೋಟ ನನಗೆ ಹಿಡಿಸಲಿಲ್ಲ.

ಅವತ್ತೇ ಅದು ನಡೆದದ್ದು. ಬಾಳೆಹಣ್ಣು ಸುಲಿಯುತ್ತ ತಿರುಗಿ ನೋಡಿದರೆ, ವರ್ನನ್‌ನ ಟ್ರಕ್ಕಿನ ಹಿಂದೆ ಅವನೂ ನಮ್ಮವರೂ ಎದುರುಬದುರು ನಿಂತಿದ್ದಾರೆ. ಇಬ್ಬರ ಬಲಗೈ ಮೇಲೆ ನಮ್ಮವರ ಬಿಳಿ ಟವೆಲ್ಲು. ಟವೆಲ್ಲು ಅಲುಗುತ್ತಿದೆ, ಇಬ್ಬರೂ ತುಟಿ ಪಿಟ್ಟೆನ್ನುತ್ತಿಲ್ಲ. ನಾನು ನೋಡುತ್ತಿರುವುದು ಕಂಡ ಕೂಡಲೇ ನಮ್ಮವರು ಟವೆಲ್ಲು ಎಳೆದುಕೊಂಡು ಇಲ್ಲದ ಬೆವರು ಒರೆಸಿಕೊಂಡರು.

ನನ್ನಿಂದ ಮುಚ್ಚಿಡುವಂಥ ವ್ಯಾಪಾರ ಇನ್ನೇನಿರುತ್ತದೆ? ದನವನ್ನೆಲ್ಲ ಹರಾಜಿಗೆ ಸಾಗಿಸುವುದು, ಖಾಲಿಯಾದ ಜಮೀನನ್ನು ಮನೆ ಕಟ್ಟುವವರಿಗೆ ಕೊಡುವುದು. ಗೌರಿ ಕಟುಕರ ಪಾಲಾಗುವುದಕ್ಕೆ ನನ್ನ ಗಂಡನೇ ಕೈ ಜೋಡಿಸಿದ್ದಾನೆ.

"ವರ್ನನ್ ಏನಂತಾನ್ರಿ?" ಕಾರಿನಲ್ಲಿ ಸಹಜವಾಗಿ ಎಂಬಂತೆ ಕೇಳಿದೆ.

"ಏನಿಲ್ಲ. ಬಿಸಲು ಭಾಳ ಐತಿ ಅಂದ."

ಸುಳ್ಳು ಹೇಳುವಾಗ ನಮ್ಮವರು ಕನ್ನಡಿ ನೋಡುತ್ತಾರೆ. ಆಗಲೂ ನೋಡಿದರು.

ಆ ವಾರವೆಲ್ಲ ನಾನು ಅವರ ಮೇಲೆ ಕಣ್ಣಿಟ್ಟೆ. ದಾಡಿ ಮಾಡಿಕೊಳ್ಳುತ್ತ ಶಿಳ್ಳೆ ಹಾಕುತ್ತಿದ್ದರು. ಮಂಗಳವಾರ ಗ್ಯಾರೇಜಿನಲ್ಲಿ ಹಳೇ ಡಬ್ಬಗಳ ಹಿಂದೆ ಹೊಸ ಹಗ್ಗ ಸಿಕ್ಕಿತು.

"ಹಗ್ಗ ಯಾಕ್ರಿ?"

"ಗಿಡಕ್ಕ ಕಟ್ಟಾಕ."

ನಮ್ಮ ಅಂಗಳದಲ್ಲಿರುವುದು ಒಂದು ಕರಿಬೇವಿನ ಗಿಡ, ಅದೂ ಕುಂಡದಲ್ಲಿ. ಆಸ್ಟಿನ್‌ನಲ್ಲಿರುವ ಮಗಳು ವೈಷ್ಣವಿಗೆ ಫೋನಿನಲ್ಲಿ ಎಲ್ಲ ಹೇಳಿದೆ.

"ಅಮ್ಮಾ, ಜಸ್ಟ್ ಆಸ್ಕ್ ಹಿಮ್," ಎಂದಳು.

"ಕೇಳಿದ್ರ ಸುಳ್ಳ ಹೇಳ್ತಾರವಾ. ಎಷ್ಟ ದಿವಸ ಮುಚ್ಚಿಡ್ತಾರ ನೋಡೇ ಬಿಡ್ತೀನಿ," ಎಂದೆ. ನನಗೆ ಹಟ ಬಂದಿತ್ತು.

ಮುಂದಿನ ಭಾನುವಾರ ಬೇಲಿಯ ಹತ್ತಿರ ಕಾರು ನಿಂತಿತು. ಗೌರಿ ಬರಲಿಲ್ಲ. ಹಾರ್ನ್ ಹೊಡೆಸಿದೆ. ಹುಲ್ಲುಗಾವಲು ಈ ತುದಿಯಿಂದ ಆ ತುದಿಯವರೆಗೆ ಖಾಲಿಯಾಗಿತ್ತು.

"ಮಾರೇಬಿಟ್ರಿ ಹೌದಲ್ರಿ? ಟವೆಲ್ ಹಾಕ್ಕೊಂಡ ವ್ಯಾಪಾರ ಮಾಡಿದ್ದ ನನಗ ಕಾಣಲಿಲ್ಲ ಅನ್ಕೊಂಡ್ರೇನು? ದಲ್ಲಾಳಿ ಮಗಳದೀನಿ ನಾ!"

ಕಾರಿನಿಂದ ಹಗ್ಗ, ಬಕೆಟ್ಟು ಇಳಿಸುತ್ತಿದ್ದ ನಮ್ಮವರ ಮುಖ ಬಿಳಿಚಿತು. "ಮಾರೂದೇನ? ಕೊಂಡೀನಿ! ಬರೂ ವಾರ ನಿನಗ ಅರವತ್ತ ತುಂಬ್ತಾವ ಅಂತ ಗೌರೀನ್ನ ಕೊಂಡೀನಿ. ನಿನಗ ಕೇಳಸಬಾರದು ಅಂತ ಟವೆಲ್ ಹಾಕಿದ್ದು. ನಾ ಬೆರಳ ಒತ್ತಿದೆ, ಅವನೂ ಒತ್ತಿದ. ಒಪ್ಪಿದಾ ಅಂತ ತಿಳಕೊಂಡೆ."

"ಅವಗೇನ್ ಗೊತ್ರಿ ಬೆರಳಿನ ಲೆಕ್ಕ?"

"ದನದ ವ್ಯಾಪಾರ ಅಂದ್ರ ಎಲ್ಲಾ ಕಡೆ ಒಂದ ಅಲ್ಲೇನು?"

ಕೊಟ್ಟಿಗೆಯ ಕಡೆಯಿಂದ ವರ್ನನ್ ನಿಧಾನಕ್ಕೆ ನಡೆದು ಬಂದ. ಗೌರಿ ಎಲ್ಲಿ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವನು ನಮ್ಮವರ ಕಡೆ ನೋಡಿದ. ಹೇಳಿದ್ದೆನಲ್ಲ ಎಂದ. ಗುರುವಾರದ ಹರಾಜಿಗೆ ಎಲ್ಲವನ್ನೂ ಒಯ್ಯುತ್ತೇನೆ ಎಂದು ಕಳೆದ ಭಾನುವಾರ ಇವರಿಗೆ ಹೇಳಿದ್ದನಂತೆ. ಹೇಳಿದ ಕೂಡಲೇ ಇವರು ಒಂದು ಮಾತೂ ಆಡದೆ ತನ್ನ ಕೈ ಹಿಡಿದು ಮೇಲೆ ಬಟ್ಟೆ ಹೊದಿಸಿದರಂತೆ.

"ನಿಮ್ಮ ಜನರ ಪ್ರಾರ್ಥನೆ ಅಂದುಕೊಂಡೆ. ಹೋಗುವ ಹಸುಗಳಿಗಾಗಿ ಮಾಡುವ ಪ್ರಾರ್ಥನೆ. ಹೆಂಡತಿ ಹೋದ ಮೇಲೆ ಯಾರೂ ನನ್ನ ಕೈ ಹಾಗೆ ಹಿಡಿದಿರಲಿಲ್ಲ, ನಾನೂ ಗಟ್ಟಿಯಾಗಿ ಒತ್ತಿದೆ," ಎಂದ. ನನ್ನ ಕೈಯಲ್ಲಿದ್ದ ಬಾಳೆಹಣ್ಣು ನೋಡಿ ಅವನ ದನಿ ಇಳಿಯಿತು. "ನಲವತ್ತೊಂದು ನಿಮಗೆ ಬೇಕಿತ್ತೇ? ಒಂದು ಮಾತು ಕೇಳಿದ್ದರೆ ಇಲ್ಲೇ ಬಿಟ್ಟುಹೋಗುತ್ತಿದ್ದೆನಲ್ಲ."

ಬಾಳೆಹಣ್ಣನ್ನು ಬೇಲಿಯ ಕಂಬದ ಮೇಲಿಟ್ಟೆ. ಕಳೆದ ಭಾನುವಾರ ಸಂಜೆ ಕಾರಿನಲ್ಲಿ ನಾನು ಬಾಯಿಬಿಟ್ಟಿದ್ದರೆ ಇವರ ಗುಟ್ಟು ಹೊರಬೀಳುತ್ತಿತ್ತು, ಬೆರಳಿನ ಲೆಕ್ಕ ವರ್ನನ್‌ಗೆಲ್ಲಿ ಗೊತ್ತು ಎಂದು ನಾನು ಬಿದ್ದು ಬಿದ್ದು ನಕ್ಕು ಕಾರು ತಿರುಗಿಸಲು ಹೇಳುತ್ತಿದ್ದೆ. ಗುರುವಾರಕ್ಕೆ ಆಗ ಇನ್ನೂ ನಾಲ್ಕು ದಿನ ಇತ್ತು. ಆ ನಾಲ್ಕು ದಿನವನ್ನು ನಾನು ಗಂಡನ ಮೇಲೆ ಕಣ್ಣಿಡುವುದರಲ್ಲಿ ಕಳೆದೆ.

"ಒಂದ ಮಾತ ಕೇಳಬಾರದಿತ್ತೇನ ನೀ?" ನಮ್ಮವರು ಹಗ್ಗ ಕೆಳಗೆ ಹಾಕಿದರು.

"ನೀವ ಬಾಯಿಬಿಟ್ಟ ಹೇಳಬಾರದಿತ್ತೇನ್ರಿ?"

ನಾನು ಅವರ ಕೈ ಹಿಡಿದುಕೊಂಡು ಅತ್ತೆ. ಕನ್ನಡ ಬಾರದ ವರ್ನನ್, ನಾವು ಮತ್ತೆ ಪ್ರಾರ್ಥನೆಗೆ ನಿಂತೆವೆಂದು ತಿಳಿದು, ಟೋಪಿ ತೆಗೆದು ನಮ್ಮ ಪಕ್ಕದಲ್ಲಿ ತಲೆ ಬಗ್ಗಿಸಿದ.