ನೆಲದಿಂದ ಎಷ್ಟು ಎತ್ತರ

ಪಿಕಪ್ ಮಾರೋನು ನನ್ನ ಕೈಗೆ ಕೊಟ್ಟ ಹಾಳೆಯಲ್ಲಿ ಮೂವತ್ತೆರಡು ಸಾಲು ಇದ್ದವು. ಎಂಜಿನ್ನಿನ ಶಕ್ತಿ ಎಷ್ಟು, ಗೇರು ಎಷ್ಟು, ಟೈರಿನ ಅಗಲ ಎಷ್ಟು, ಎಲ್ಲವನ್ನೂ ಬಾಯಿಪಾಠ ಒಪ್ಪಿಸಿದ. ನಾನು ಕೇಳಿದ್ದು ಒಂದೇ: ಹಿಂದೆ ಸಾಮಾನು ಹಾಕೋ ತಳ ನೆಲದಿಂದ ಎಷ್ಟು ಎತ್ತರ? ಅದು ಹಾಳೆಯಲ್ಲೇ ಇರಲಿಲ್ಲ. ಲೋಟ ಇಡೋ ತೂತಿಗೂ ಒಂದು ಸಾಲು ಕೊಟ್ಟ ಮಹಾನುಭಾವರಿಗೆ ಇದು ಮರೆತುಹೋಗಿತ್ತು ನೋಡಿ. ಕೊನೆಗೆ ನನ್ನ ಟೇಪು ನಾನೇ ತೆಗೆದೆ.

ನಾನು ಸೋಫಾ ರಿಪೇರಿಯವಳು. ಇಪ್ಪತ್ತು ವರ್ಷ ನಾನೂ ನನ್ನ ತಂಗಿಯೂ ಸೇರಿ ಮಾಡಿದ ಕೆಲಸ. ಹಳೇ ಬಟ್ಟೆ ಕಿತ್ತು ಸ್ಪ್ರಿಂಗ್ ಬಿಗಿಯೋದು ನಾನು, ಹೊಸ ಬಟ್ಟೆ ಹೊಲಿಯೋದು ಅವಳು, ಎತ್ತೋದು ಮಾತ್ರ ಇಬ್ಬರೂ. ಒಂದೂವರೆ ವರ್ಷದ ಹಿಂದೆ ಬಸ್ಸಿನ ಸೀಟು ಮಾಡೋ ಕಾರ್ಖಾನೆಯವರು ಹೊಲಿಗೆ ಕಲಿಸೋಕೆ ಅವಳನ್ನ ಬೇರೆ ಊರಿಗೆ ಕರೆಸಿಕೊಂಡರು. ಆರೇ ತಿಂಗಳು ಅಂತ ಹೋದಳು ಪುಣ್ಯಾತ್ಗಿತ್ತಿ. ಆ ಆರು ತಿಂಗಳು ಇನ್ನೂ ಮುಗಿದಿಲ್ಲ. ಬಂದಮೇಲೆ ದೊಡ್ಡ ಗಾಡಿ ತಗೊಳ್ಳೋಣ, ಸಿನಿಮಾ ಮಂದಿರದ ಕುರ್ಚಿಗಳ ಕೆಲಸ ಹಿಡಿಯೋಣ ಅಂತ ಹೊರಡೋ ಮುಂಚೆ ನನ್ನ ತಲೆ ತಿಂದಿದ್ದಳು. ಅವಳು ಬರೋತನಕ ಹಳೇ ಗಾಡಿ ಕಾಯಲಿಲ್ಲ. ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, ಇದರ ಕಥೆ ಮುಗೀತು ಅಂತ ಮುಚ್ಚಿದ.

ನನ್ನ ಕೈಗೆಟುಕೋ ಗಾಡಿ ಎರಡಿದ್ದವು. ಒಂದು ದೊಡ್ಡದು, ನಲವತ್ತು ಕುರ್ಚಿ ಒಂದೇ ಸಲ ಹಿಡಿಯುತ್ತೆ, ಆದರೆ ತಳ ನನ್ನ ಸೊಂಟಕ್ಕಿಂತ ಮೇಲೆ. ಇನ್ನೊಂದು ಚಿಕ್ಕದು, ತಳ ಮೊಣಕಾಲಿಗಿಂತ ಚೂರೇ ಮೇಲೆ. ದೊಡ್ಡದಕ್ಕೆ ಸೋಫಾ ಏರಿಸೋಕೆ ಇಬ್ಬರು ಬೇಕೇ ಬೇಕು, ಚಿಕ್ಕದಕ್ಕೆ ನಾನೊಬ್ಬಳೇ ಸಾಕು. ಚಿಕ್ಕದನ್ನ ತಗೊಂಡರೆ ತಂಗಿ ಬರಲ್ಲ ಅಂತ ನಾನೇ ಬಾಯಿಬಿಟ್ಟು ಒಪ್ಪಿಕೊಂಡ ಹಾಗೆ.

ಕಾಗದ ನಂಬೋಳಲ್ಲ ನಾನು. ಗಿರಾಕಿಗೆ ಮುಟ್ಟಿಸಬೇಕಾದ ಸೋಫಾ ಒಂದನ್ನ ಬಾಡಿಗೆ ಗಾಡಿಯಲ್ಲಿ ಹಾಕಿಸಿಕೊಂಡೇ ಬಂದಿದ್ದೆ. ಚಿಕ್ಕ ಗಾಡಿಗೆ ಒಂದು ತುದಿ ಆನಿಸಿ ಹಿಂದಿನಿಂದ ನೂಕಿದೆ, ಸಲೀಸಾಗಿ ಹೋಯ್ತು. ಖುಷಿಪಡೋ ಬದಲು ಅದನ್ನ ಹೊರಗೆಳೆದು, ದೊಡ್ಡದನ್ನೂ ನೋಡೋಣ ಅಂದೆ. ದೊಡ್ಡದಕ್ಕೆ ಮಾರೋನು ಇನ್ನೊಂದು ತುದಿ ಹಿಡಿದ. ಒಂದು, ಎರಡು ಅಂದ, ನಾನು ಎತ್ತಿಬಿಟ್ಟೆ. ಅವನು ಮೂರಕ್ಕೆ ಕಾಯ್ತಿದ್ದ. ಸೋಫಾ ವಾಲಿ, ಅದರ ಕಾಲು ಹೊಸ ಬಣ್ಣವನ್ನ ಗೀರಿತು.

ಮೂರರತನಕ ಎಣಿಸೋ ತಾಳ್ಮೆ ನನ್ನ ತಂಗಿಗೆ ಹುಟ್ಟಿದಾಗಿನಿಂದ ಇಲ್ಲ. ನಾವು ಎತ್ತೋದು ಎರಡಕ್ಕೇ. ತಪ್ಪು ನನ್ನದೇ, ಆದರೂ ಮೂರಕ್ಕೆ ಕಾಯೋಕೆ ಇದೇನು ಓಟದ ಪಂದ್ಯವಾ ಅಂತ ಅವನ ಮೇಲೆ ರೇಗಿದೆ. ಪಾಪ, ಅವನು ಕರವಸ್ತ್ರದಿಂದ ಗೀರು ಉಜ್ಜುತ್ತಾ ನಿಂತ. ನನಗೆ ತಂಗಿ ಬೇಕು ಅನ್ನಿಸಿತು, ಅಲ್ಲೇ, ಆಗಲೇ.

ಹೊರಗೆ ಬಂದು ಅವಳಿಗೆ ಫೋನ್ ಮಾಡಿದೆ. ನೇರವಾಗಿ ಕೇಳೋಕೆ ನಾಲಿಗೆ ಏಳಲಿಲ್ಲ. ಎರಡೂ ಗಾಡಿಗಳ ತಳದ ಎತ್ತರ ಹೇಳಿ, ಯಾವುದು ತಗೊಳ್ಳಲಿ ಅಂದೆ. ಅವಳು ಹೊಲಿಗೆ ಮೆಷಿನ್ನುಗಳ ಸದ್ದಿನಿಂದ ಆಚೆ ಬಂದಳು. ಇಪ್ಪತ್ತು ವರ್ಷ ನನ್ನ ಜೊತೆ ಎತ್ತಿದವಳಿಗೆ ನಾನು ಏನು ಕೇಳ್ತಿದೀನಿ ಅಂತ ಗೊತ್ತಾಗದೆ ಇರುತ್ತಾ?

"ತಗ್ಗಿನದ್ದೇ ತಗೋ ಅಕ್ಕಾ," ಅಂದಳು. ಆಮೇಲೆ ಮೆಲ್ಲಗೆ, "ಇಲ್ಲಿ ನನ್ನನ್ನ ಕಾಯಂ ಮಾಡಿದಾರೆ. ಹೋದ ತಿಂಗಳೇ. ನಿನಗೆ ಹೇಳೋಕೆ ಬಾಯಿ ಬರಲಿಲ್ಲ."

ಒಳ್ಳೇದಾಯ್ತು ಬಿಡು ಅಂದೆ. ಊಟ ಸರಿಯಾಗಿ ಮಾಡು ಅಂತಲೂ ಏನೋ ಅಂದೆ. ಮುಖ ಒರೆಸಿಕೊಂಡು ಒಳಗೆ ಹೋಗಿ ಚಿಕ್ಕದನ್ನ ತೋರಿಸಿದೆ.

ಮಾರೋನಿಗೆ ಜೀವ ಬಂತು. ಒಬ್ಬರೇ ಓಡಿಸೋರಾದರೆ ಪಕ್ಕದ ಸೀಟು ಬಿಚ್ಚಿಕೊಡ್ತೀವಿ, ಬಟ್ಟೆ ಸುರುಳಿ, ಪೆಟ್ಟಿಗೆ ಇಡೋಕೆ ಜಾಗ ಆಗುತ್ತೆ ಅಂತ ಶುರುಮಾಡಿದ.

"ಬಿಚ್ಚಬೇಡಿ," ಅಂದೆ. "ನನ್ನ ತಂಗಿ ರಜೆಗೆ ಬರ್ತಾಳೆ. ಅವಳು ಎಲ್ಲಿ ಕೂರಬೇಕು?"