ಬರಿಗೈಯ ಪಾನಾ

ಆ ಶನಿವಾರ ಹಾವಗೆಪ್ಪನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಬೀದರಿನ ಬಿಜಲಿಘರದಲ್ಲಿ ಅಂದು ದೊಡ್ಡ ಎಂಜಿನ್ನಿನ ತಲೆ ಬಿಚ್ಚುವ ಕೆಲಸವಿತ್ತು. ಊರಿಗೆಲ್ಲ ದೀಪ ಕೊಡುವ ಆ ಡೀಸೆಲ್ ಎಂಜಿನ್ನು ಒಂದು ತಿಂಗಳಿಂದ ಮುದುಕನಂತೆ ಕೆಮ್ಮುತ್ತಿತ್ತು. ಇನ್ನೈದು ದಿನಕ್ಕೆ, ನವೆಂಬರ್ ಒಂದಕ್ಕೆ, ಬೀದರ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರುವುದಿತ್ತು. ಅಂದು ಸಂಜೆ ಊರಲ್ಲಿ ಒಂದು ದೀಪವೂ ಆರಕೂಡದೆಂದು ಮೇಲಿನಿಂದ ಹುಕುಂ ಬಂದಿತ್ತು. ಹುಕುಂ ಬರೆಯುವವರು ನಟ್ಟು ಬಿಚ್ಚುವುದಿಲ್ಲವಲ್ಲ. ಬಿಚ್ಚಬೇಕಾದವನು ಫಿಟರ್ ಹಾವಗೆಪ್ಪ. ಅವನ ಬಲಗಣ್ಣಿಗೆ ಶ್ರಾವಣದಿಂದ ಪೊರೆ ಕವಿದಿತ್ತು.

ಈ ಸಂಗತಿ ತನ್ನೊಬ್ಬನಿಗೇ ಗೊತ್ತು ಎಂದು ಅವನು ನಂಬಿದ್ದ. ಗೊತ್ತಾಗಗೊಡುವ ಹಾಗೂ ಇರಲಿಲ್ಲ. ಯಾರು ಮೈಸೂರಿಗೆ, ಯಾರು ಮುಂಬೈಗೆ, ಯಾರು ಆಂಧ್ರಕ್ಕೆ ಎಂದು ನೌಕರರ ಪಟ್ಟಿ ತಯಾರಾಗುತ್ತಿತ್ತು. ಪಟ್ಟಿ ಹೋಗುವುದು ಬೆಂಗಳೂರಿಗೆ. ಅಲ್ಲಿ ಹಾವಗೆಪ್ಪನ ತೋಳನ್ನು ಕಂಡವರು ಯಾರಿದ್ದಾರೆ? ಕಾಗದದಲ್ಲಿ ಏನಿದೆಯೋ ಅದೇ ಅವನು. ಫಿಟರ್ ಎಂದಿದ್ದರೆ ಫಿಟರ್, ಕಣ್ಣು ಹೋದವನು ಎಂದಿದ್ದರೆ ಗೇಟಿನ ಚೌಕೀದಾರ, ಇಲ್ಲವೇ ಸೀದಾ ಮನೆ.

ಎಂಜಿನ್ನಿನ ತಲೆಯ ಎಂಟು ನಟ್ಟುಗಳು ಒಂದೊಂದೂ ಮುಷ್ಟಿಗಿಂತ ದೊಡ್ಡವು. ಕೈಬಲಕ್ಕೆ ಜಗ್ಗುವಂಥವಲ್ಲ. ಗಿಡ್ಡ ಹಿಡಿಯ, ತುದಿಯಲ್ಲಿ ದಪ್ಪ ಕಬ್ಬಿಣದ ಗಟ್ಟಿಯಿರುವ ಪಾನಾ ಎಂಬ ಸ್ಪ್ಯಾನರನ್ನು ನಟ್ಟಿಗೆ ತೊಡಿಸಿ, ಆ ಗಟ್ಟಿಯ ಮೇಲೆ ಘನ ಎಂಬ ದೊಡ್ಡ ಸುತ್ತಿಗೆಯಿಂದ ಹೊಡೆಯಬೇಕು. ಒಬ್ಬ ಹಿಡಿಯುವವ, ಒಬ್ಬ ಹೊಡೆಯುವವ. ಹದಿನೆಂಟು ವರ್ಷದಿಂದ ಹೊಡೆಯುವವನು ಹಾವಗೆಪ್ಪ, ಹಿಡಿಯುವವನು ಪಂಢರಿ.

ಹಿಡಿಯುವವನು ಪಾನಾಕ್ಕೆ ಹಗ್ಗ ಕಟ್ಟಿ, ಎರಡು ಮಾರು ದೂರ ನಿಂತು ಜಗ್ಗಿ ಹಿಡಿಯಬೇಕೆಂಬುದು ಓವರ್‌ಸೀಯರ್ ಜಹೀರೋದ್ದೀನ ಸಾಹೇಬರ ಕಾಯಿದೆ. ಬಿಜಲಿಘರದಲ್ಲಿ ಅದಕ್ಕಿಂತ ಹಳೆಯ ಕಾಯಿದೆ ಇನ್ನೊಂದಿತ್ತು. ಹಗ್ಗ ಕಟ್ಟಿದವನೆಂದರೆ ಜೋಡಿಯ ಮೇಲೆ ಭರವಸೆ ಇಲ್ಲದವನು, ಅಂಜುಬುರುಕ. ಬರಿಗೈಯಲ್ಲಿ ಹಿಡಿದವನೇ ಗಂಡು. ಹೀಗಾಗಿ ಸಾಹೇಬರು ಕೊಟ್ಟ ಹಗ್ಗವನ್ನು ಪಂಢರಿ ಮನೆಗೆ ಒಯ್ದು ಆಡು ಕಟ್ಟಿದ್ದ. ಗಂಡಸರು ಮೂರ್ಖತನವನ್ನು ಮರ್ಯಾದೆ ಎಂದು ಕರೆದು ಹದಿನೆಂಟು ವರ್ಷ ಸಾಕಿಕೊಂಡು ಬಂದಿದ್ದರು. ಪಂಢರಿಯ ಬೆರಳು ಉಳಿದದ್ದು ಹಾವಗೆಪ್ಪನ ಕಣ್ಣಿನಿಂದ.

ಸ್ಟೋರಿನ ಮಹಮ್ಮದ ಇಸ್ಮಾಯಿಲ ಮೂರು ಪಾನಾ ತಂದಿಟ್ಟ. ಒಂದು ಹೊಚ್ಚಹೊಸದು, ಮಿರಮಿರ ಮಿಂಚುತ್ತಿತ್ತು. ಹಾವಗೆಪ್ಪ ಅದನ್ನು ಮುಟ್ಟಿ ನೋಡಿ ಬದಿಗೆ ಸರಿಸಿದ.

“ತೆರದ ಬಾಯಿದು ಇದು. ಘನದ ಏಟಿಗೆ ಬಾಯಿ ಅಗಲ ಆಗ್ತದ. ಔರಾದ ಹತ್ತಿ ಜಿನ್ನಿನಾಗ ಇಂಥಾದಕ್ಕ ಪೈಪ್ ಸಿಗಿಸಿ ಜಗ್ಗಿದ್ರು. ಹಾರಿ ಬಂದು ಮುಕಾದಮನ ದವಡಿ ಮುರೀತು.”

ಎರಡನೆಯದನ್ನು ನಟ್ಟಿಗೆ ತೊಡಿಸಿದಾಗ ಲೊಡಲೊಡ ಅಲುಗಾಡಿತು.

“ಸಂದಿನಾಗ ಒಂದು ತಗಡು ತುರುಕಿದ್ರ ಬಿಗಿ ಆಗ್ತದಲ್ಲರಿ?” ಎಂದ ಇಸ್ಮಾಯಿಲ.

“ಆಗ್ತದ. ತಗಡು ಹಾರಿದಾಗ ಎದುರಿಗೆ ನೀ ನಿಂದರ್ತಿದ್ರ ತುರುಕು.”

ಮೂರನೆಯದು ನಟ್ಟನ್ನು ಸುತ್ತಲೂ ತಬ್ಬುವ ಬಳೆಬಾಯಿಯದು. ಹಾವಗೆಪ್ಪ ಅದನ್ನು ದಾರಕ್ಕೆ ತೂಗುಬಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿದ. ಗಂಟೆಯಂತೆ ನಾದ ಬಂತು. ಒಳಗೆ ಬಿರುಕು ಇದ್ದರೆ ಮಂಕು ಸದ್ದು ಬರುತ್ತದೆ. ಬಳಿಕ ಘನದ ಮುಖದ ಅಂಚಿಗೆ ಹೆಬ್ಬೆರಳು ಆಡಿಸಿದ. ಕಬ್ಬಿಣ ಎಲ್ಲೂ ಮಡಚಿ ಎದ್ದಿರಲಿಲ್ಲ. ಎದ್ದಿದ್ದರೆ ಅದರ ಚೂರು ಸಿಡಿದು ಕಣ್ಣಿಗೆ ಬಡಿಯುತ್ತದೆ. ಇಷ್ಟನ್ನೂ ಅವನು ಬೆರಳಿನಿಂದ, ಕಿವಿಯಿಂದ ಮಾಡಿದ. ಕಣ್ಣಿನ ಕೆಲಸ ಮುಂದಿತ್ತು.

ಪಂಢರಿ ಎಂದಿನಂತೆ ತಂಬಾಕಿನ ಡಬ್ಬಿ ತೆಗೆದು, ಬೆರಳ ತುದಿಯಿಂದ ಸುಣ್ಣ ತೆಗೆದು ಪಾನಾದ ಗಟ್ಟಿಗೆ ಬಳಿದ. ಈಚೆಗೆ ಅವನಿಗೆ ಅದೊಂದು ಚಟವಾಗಿತ್ತು. ಏಟು ನೆಟ್ಟಗೆ ಬಿತ್ತೋ ಇಲ್ಲವೋ ಸುಣ್ಣದ ಮೇಲೆ ತಿಳಿಯುತ್ತದೆ ಎನ್ನುತ್ತಿದ್ದ. ಪಾನಾ ತೊಡಿಸಿ, ಹಿಡಿಯನ್ನು ಬರಿಗೈಯಲ್ಲಿ ಅಮುಕಿ ಹಿಡಿದು, “ಹೂಂ” ಎಂದ.

ಎರಡು ನಟ್ಟು ಸರಿಯಾಗಿ ಬಿಚ್ಚಿಕೊಂಡವು. ಮೂರನೆಯದಕ್ಕೆ ಘನ ಗಟ್ಟಿಯ ಅಂಚನ್ನು ಸವರಿ ಹಿಡಿಯ ಮೇಲೆ ಜಾರಿತು. ಪಂಢರಿ ಕೈ ಹಿಂದೆಳೆದುಕೊಂಡ. ಹೆಬ್ಬೆರಳಿನ ತೊಗಲು ಸುಲಿದು ರಕ್ತ ಜಿನುಗಿತು. ಸದ್ದಿಗೆ ಸಾಹೇಬರು ಒಳಗಿನಿಂದ ಓಡಿ ಬಂದರು.

“ಪಾನಾ ಸರೀತರಿ ಸಾಹೇಬರ. ನಂದೇ ಗಲತಿ” ಎಂದ ಪಂಢರಿ, ಬೆರಳು ಬಾಯಲ್ಲಿಟ್ಟುಕೊಂಡು.

ಪಾನಾ ಕೂದಲೆಳೆಯಷ್ಟೂ ಸರಿದಿರಲಿಲ್ಲ. ಅದು ಹಾವಗೆಪ್ಪನಿಗೆ ಗೊತ್ತಿತ್ತು. ಅವನಿಗೆ ಗಟ್ಟಿ ಎರಡಾಗಿ ಕಂಡಿತ್ತು, ಅವನು ಇಲ್ಲದ ಗಟ್ಟಿಗೆ ಹೊಡೆದಿದ್ದ. ಉಳಿದ ನಟ್ಟುಗಳನ್ನು ಹೇಗೋ ಬಿಚ್ಚಿದ. ಒಳಗಿನ ರಿಂಗು ಬದಲಿಸಿ, ಮಂಗಳವಾರ ತಲೆ ಮತ್ತೆ ಬಿಗಿಯುವುದೆಂದು ನಿಶ್ಚಯವಾಯಿತು. ಬಿಗಿಯುವ ಏಟು ಬಿಚ್ಚುವ ಏಟಿಗಿಂತ ಜೋರು.

ಭಾನುವಾರ ಊರಿಗೆ, ಭಾಲ್ಕಿಗೆ, ರೈಲು ಹತ್ತಿದ. ದಾರಿಯುದ್ದಕ್ಕೂ ಕೂತು ಎದ್ದು ಮಾಡಿದ. ಹಲಬರ್ಗಾ ಸ್ಟೇಶನ್ನಿನ ಬೋರ್ಡನ್ನು ಎಡಗಣ್ಣು ಮುಚ್ಚಿ ನೋಡಿದ. ಹಳದಿ ಬಿಟ್ಟು ಬೇರೇನೂ ಕಾಣಲಿಲ್ಲ. ಪಕ್ಕದವನು ಇವನಿಗೇನಾಗಿದೆ ಎಂದು ದುರುಗುಟ್ಟಿ ನೋಡಿದ್ದರಿಂದ ಕಣ್ಣು ಉಜ್ಜಿಕೊಂಡು ಸುಮ್ಮನಾದ.

ಮನೆಯಲ್ಲಿ ಹೆಂಡತಿ ಈರಮ್ಮ ಮುಂದೆ ಚಹಾ ಇಟ್ಟಳು. ಅವನು ಕೈಚಾಚಿದರೆ ಬೆರಳಿಗೆ ನೆಲ ಹತ್ತಿತು, ಬಟ್ಟಲು ಹತ್ತಲಿಲ್ಲ. ಅವಳು ಬಟ್ಟಲನ್ನು ಎತ್ತಿ ಅವನ ಕೈಯಲ್ಲೇ ಕೊಟ್ಟಳು.

“ಎಷ್ಟು ದಿನಾ ಆತರಿ?”

“ಯಾವುದು?”

“ನಿಮಗ ಕಾಣೋದಿಲ್ಲ ಅಂದ್ರ ನನಗೂ ಕಾಣೋದಿಲ್ಲೇನರಿ? ಬಟ್ಟಲಾ ಬಿಟ್ಟು ನೆಲಾ ಹಿಡೀತೀರಿ. ಅಲ್ಲಿ ಪಂಢರಿ ಕೈ ಇರ್ತದಲ್ಲರಿ.”

ಹಾವಗೆಪ್ಪನಿಗೆ ಉರಿದುಹೋಯಿತು. “ಮತ್ತೇನು ಮಾಡಂತೀ? ಗೇಟಿನಾಗ ಚೌಕೀದಾರ ಆಗಿ ಕೂಡ್ಲೇನು, ಬಂದಬಂದವರಿಗೆ ಸಲಾಮ್ ಹೊಡಕೋತ?”

“ಕೂಡ್ರಿ. ಪಂಢರಿ ಬೆರಳು ಹೋದ್ರ ಉದಗೀರದಾಗ ಯಾರು ಕೆಲಸಾ ಕೊಡ್ತಾರ್ರಿ ಅವಗ? ಆ ಕೌಸಲ್ಯಾಬಾಯಿ ಮುಂದ ನಾ ಹ್ಯಾಂಗ ನಿಂದರ್ಲಿ?”

ಕೌಸಲ್ಯಾಬಾಯಿ ಪಂಢರಿಯ ಹೆಂಡತಿ. ಪಂಢರಿಯ ಹುಟ್ಟೂರು ಉದಗೀರದ ಕಡೆ, ಉದಗೀರ ಮುಂಬೈ ರಾಜ್ಯಕ್ಕೆ ಹೋಗುತ್ತಿತ್ತು. ಅಲ್ಲಿನ ವರ್ಕ್‌ಶಾಪಿನಲ್ಲಿ ಅವನಿಗೆ ಜಾಗ ನಿಗದಿಯಾಗಿತ್ತು. ಬುಧವಾರ ಅವನಿಗೆ ಬೀದರಿನಲ್ಲಿ ಕಡೆಯ ದಿನ. ಇನ್ನೊಂದೇ ಕೆಲಸ, ಅದೊಂದು ಪಾರಾದರೆ ಸಾಕು, ಆಮೇಲೆ ನೋಡಿದರಾಯಿತು ಎಂದು ಹಾವಗೆಪ್ಪ ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡದ್ದು ಹತ್ತು ಸಲ, ನೆಮ್ಮದಿ ಬಂದದ್ದು ಒಂದು ಸಲವೂ ಇಲ್ಲ. ಚಹಾ ಅರ್ಧಕ್ಕೆ ಬಿಟ್ಟು ಎದ್ದ.

ಮಂಗಳವಾರ ಮುಂಜಾನೆ ಅವನು ಮೊದಲು ಸ್ಟೋರಿಗೆ ಹೋಗಿ ಹಗ್ಗ ಕೇಳಿದ. ಇಸ್ಮಾಯಿಲ ಬಾಯಿ ತೆರೆದು ನೋಡಿದ. ಹಗ್ಗ ತಂದು ಪಂಢರಿಯ ಕಾಲ ಬಳಿ ಹಾಕಿ ಹಾವಗೆಪ್ಪ ಹೇಳಿದ: “ಪಾನಾಕ್ಕ ಕಟ್ಟು ಇದನ್ನ.”

ಪಂಢರಿಯ ಮುಖ ಸಪ್ಪಗಾಯಿತು. “ಯಾಕಣ್ಣಾ? ನಾ ಹೋಗಾಂವ. ಹೋಗೋ ಮುಂದ ಪಂಢರಿ ಅಂಜಿದ ಅಂತ ಅನಿಸ್ಕೊಂಡು ಹೋಗ್ಲೇನು?”

“ಅಂಜಿದಾಂವ ನಾ ಇದ್ದೇನಿ. ಕಟ್ಟು.”

“ಕಟ್ಟೋದಿಲ್ಲ.”

“ಕಟ್ಟಂದ್ರ ಕಟ್ಟೋ.”

ಪಂಢರಿ ಸುತ್ತ ನೋಡಿ, ಹತ್ತಿರ ಬಂದು ದನಿ ತಗ್ಗಿಸಿದ. “ಹಗ್ಗಾ ಕಟ್ಟಿದ್ರ ನಾ ಎರಡು ಮಾರು ದೂರ ನಿಂದರಬೇಕು. ಆಗ ಪಾನಾ ನಿನ್ನ ಎಡಗಣ್ಣಿನ ಕಡಿ ಬರೋ ಹಂಗ ತಿರುವಿ ಕೊಡಾಂವ ಯಾರು? ನಾ ಸುಣ್ಣಾ ಯಾಕ ಬಳೀತೇನಿ ಅಂತ ತಿಳದೀ? ಕಬ್ಬಿಣಾ ನಿನಗ ಕಾಣೋದಿಲ್ಲ, ಬೆಳ್ಳಗಿದ್ರ ಕಾಣ್ತದ.”

ಹಾವಗೆಪ್ಪ ಕೇಳಿದ: “ಯಾವಾಗಿಂದ ಗೊತ್ತದ ನಿನಗ?”

“ನಿನಗ ಗೊತ್ತಾದಾಗಿಂದ. ಪಟ್ಟಿ ಹೋಗೋತನಕ ಬಾಯಿ ಮುಚ್ಚಿಕೊಂಡಿದ್ರಾತು ಅಂದುಕೊಂಡೆ. ಇವತ್ತೊಂದು ದಿನಾ ಅದ. ಹೊಡಿ ಅಣ್ಣಾ, ನಾ ಹಿಡೀತೇನಿ.”

ಹಾವಗೆಪ್ಪನಿಗೆ ಮೊದಲು ಬಂದದ್ದು ಸಿಟ್ಟು. ಬೆತ್ತಲೆಯಾಗಿ ನಿಂತವನಿಗೆ ಬರುವಂಥ ಸಿಟ್ಟು. ಅದರ ಬೆನ್ನಿಗೇ ನಾಚಿಕೆ ಬಂತು, ಆ ನಾಚಿಕೆಯಲ್ಲಿ ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಘನವನ್ನು ಗೋಡೆಗೆ ಆನಿಸಿ ಸೀದಾ ಸಾಹೇಬರ ಕೋಣೆಗೆ ನಡೆದ. ಹಿಂದಿನಿಂದ ಪಂಢರಿ ಎರಡು ಸಲ ಕರೆದ.

“ಸಾಹೇಬರ, ಶನಿವಾರ ಪಾನಾ ಸರೀಲಿಲ್ಲರಿ. ನಾ ತಪ್ಪಿ ಹೊಡದೆ. ನನ್ನ ಬಲಗಣ್ಣು ಹೋಗ್ಯಾದರಿ.”

ಜಹೀರೋದ್ದೀನ ಸಾಹೇಬರು ಅದೇ ಪಟ್ಟಿಯ ಮೇಲೆ ಬಗ್ಗಿದ್ದರು. ತಲೆಯೆತ್ತಿದರು.

“ನಾ ಶುಕ್ರವಾರ ಹೈದರಾಬಾದಿಗೆ ಹೋಗಾಂವ, ಹಾವಗೆಪ್ಪ. ಈ ಕಾಗದಾ ಬೆಂಗಳೂರಿಗೆ ಹೋಗ್ತದ. ಹಿಂದ ನಿನ್ನ ಪರವಾಗಿ ಒಂದು ಮಾತು ಹೇಳ್ಲಿಕ್ಕ ನಾ ಇರೋದಿಲ್ಲ. ಬರೀಲೇನು?”

ಬೇಡ ಎನ್ನಲು ಇನ್ನೂ ಸಮಯವಿತ್ತು. ಸಾಹೇಬರೂ ಬೇಕೆಂದೇ ಆ ಸಮಯ ಕೊಟ್ಟಿದ್ದರು.

“ಬರೀರಿ.”

ಲೇಖನಿ ಫಿಟರ್ ಎಂಬುದರ ಮೇಲೆ ಗೆರೆ ಎಳೆದು ಹೆಲ್ಪರ್ ಎಂದು ಬರೆಯಿತು. “ಗುಲಬರ್ಗಾ ದವಾಖಾನ್ಯಾಗ ಪೊರಿ ತೆಗೀತಾರಂತ. ಹೋಗಿ ಬಾ. ಕೆಲಸಾ ತಿರುಗಿ ಸಿಗ್ತದೋ ಇಲ್ಲೋ, ಅದನ್ನ ನಾ ಹೇಳಲಾರೆ” ಎಂದರು. ಹದಿನೆಂಟು ವರ್ಷದ ತೋಳು ಅಷ್ಟರಲ್ಲಿ ಮುಗಿದಿತ್ತು.

ಎಂಜಿನ್ನಂತೂ ಬಿಗಿಯಲೇಬೇಕಿತ್ತು. ಘನ ಪಂಢರಿಯ ಕೈಗೆ ಬಂತು. ಹದಿನೆಂಟು ವರ್ಷ ಏಟಿನ ಹತ್ತಿರ ನಿಂತವನಿಗೆ ಏಟಿನ ಲೆಕ್ಕ ಯಾರೂ ಹೇಳಿಕೊಡಬೇಕಿರಲಿಲ್ಲ. ಸಾಹೇಬರು ತಾವೇ ನಿಂತು ನೆಲದ ಎಣ್ಣೆ ಒರೆಸಿಸಿದರು, ಇಬ್ಬರ ಕಣ್ಣಿಗೂ ಗಾಜಿನ ಕನ್ನಡಕ ಹಾಕಿಸಿದರು, ಹತ್ತಿರದವರನ್ನೆಲ್ಲ ದೂರ ಕಳಿಸಿದರು. ಹಾವಗೆಪ್ಪ ಪಾನಾ ತೊಡಿಸಿ, ಹಗ್ಗ ಕಟ್ಟಿ, ಎರಡು ಮಾರು ಹಿಂದೆ ಸರಿದು ಜಗ್ಗಿ ಹಿಡಿದ. ಇಸ್ಮಾಯಿಲ ಬಾಗಿಲಲ್ಲಿ ಕಿಸಕ್ಕನೆ ನಕ್ಕ. ನಗಲಿ ಎಂದುಕೊಂಡ.

“ಹೂಂ” ಎಂದ. ಹಿಡಿಯುವವನ ಈ ಮಾತನ್ನು ಅವನು ಜೀವಮಾನದಲ್ಲಿ ಮೊದಲ ಸಲ ಆಡಿದ್ದ.

ಪಂಢರಿಯ ಭುಜದ ಮೇಲಿಂದ ಘನ ಎದ್ದಿತು. ಅಷ್ಟು ದೊಡ್ಡ ಕಬ್ಬಿಣ ಗಾಳಿಯಲ್ಲಿ ತನ್ನ ಕಡೆ ಬರುವುದು ಹೇಗೆ ಕಾಣುತ್ತದೆ ಎಂಬುದು ಹಾವಗೆಪ್ಪನಿಗೆ ಗೊತ್ತಿರಲಿಲ್ಲ. ಹೊಡೆಯುವವನಿಗೆ ಅದು ಎಂದೂ ಕಾಣುವುದಿಲ್ಲ. ಏಟು ಬೀಳುವ ಮೊದಲೇ ಅವನ ಕೈ ತಾನಾಗಿ ಹಗ್ಗ ಬಿಟ್ಟಿತು. ಘನ ಗಟ್ಟಿಗೆ ಸರಿಯಾಗಿ ಬಡಿಯಿತು, ಜಗ್ಗಿ ಹಿಡಿಯುವವರಿಲ್ಲದ ಪಾನಾ ನಟ್ಟಿನಿಂದ ಕಳಚಿ ನೆಲಕ್ಕೆ ಬಿದ್ದು ಠಣ್ಣೆಂದಿತು.

ನಡುವೆ ಎರಡು ಮಾರು ಜಾಗವಿತ್ತು, ಎದುರಿಗಿದ್ದವನಿಗೆ ಎರಡು ಒಳ್ಳೆಯ ಕಣ್ಣಿದ್ದವು. ಆದರೂ ಹಾವಗೆಪ್ಪನಿಂದ ಒಂದು ಏಟು ತಾಳಲಾಗಲಿಲ್ಲ. ಶ್ರಾವಣದಿಂದ ಇಲ್ಲಿಯ ತನಕ ಪಂಢರಿ ಕುರುಡನ ಘನದ ಕೆಳಗೆ, ಕುರುಡನೆಂದು ತಿಳಿದೇ, ಬರಿಗೈ ಇಟ್ಟುಕೊಂಡು ನಿಂತಿದ್ದ.

ಪಂಢರಿ ಘನ ಕೆಳಗಿಟ್ಟು, ಪಾನಾ ಎತ್ತಿ ತಂದು ಕೊಟ್ಟ. ಹಾವಗೆಪ್ಪ ಅದನ್ನು ತೆಗೆದುಕೊಳ್ಳದೆ ಅವನ ಹೆಬ್ಬೆರಳಿನ ಗಾಯ ನೋಡುತ್ತ ಕೇಳಿದ:

“ಮೂರು ತಿಂಗಳು ಹ್ಯಾಂಗ ನಿಂತೀ ಪಂಢರಿ?”

“ನಾನೂ ಕಣ್ಣು ಮುಚ್ಚತಿದ್ದೆ, ಅಣ್ಣಾ” ಎಂದ ಪಂಢರಿ.

ಹಾವಗೆಪ್ಪ ಪಾನಾ ಈಸಿಕೊಂಡು ಮತ್ತೆ ನಟ್ಟಿಗೆ ತೊಡಿಸಿದ. ಎಂಟಕ್ಕೆ ಎಂಟೂ ನಟ್ಟು ಬಿಗಿಯುವುದು ಬಾಕಿಯಿತ್ತು.